ಆ ತೋಳು ನನ್ನದಲ್ಲ

ಕಡ್ಡಿರಾಂಪುರ ಇನ್ನೇನು ಬಂತು ಅನ್ನುವಾಗ ಮಳೆ ಹಿಡಿಯಿತು. ಹಂಪಿಯಿಂದ ಮನೆಗೆ ಹೊರಟಿದ್ದೆವು, ನಾನು ಮತ್ತು ನನ್ನ ಅಣ್ಣನ ಹೆಂಡತಿ ರೂಪಾ. ಸ್ಕೂಟರನ್ನು ರಸ್ತೆ ಬದಿಗೆ ಹಾಕಿ, ದುಪಟ್ಟಾ ತಲೆಗೆ ಹಿಡಿದು ಓಡಿ ನಿಂತದ್ದು ನಾಗರತ್ನಕ್ಕನ ಮಿರ್ಚಿ ಅಂಗಡಿಯಲ್ಲಿ. ಎಣ್ಣೆ ಕಾದ ವಾಸನೆ, ಒದ್ದೆ ಮಣ್ಣಿನ ವಾಸನೆ. ಮುಖ ಒರೆಸಿಕೊಳ್ಳುತ್ತ ತಲೆ ಎತ್ತಿದೆ. ಮೇಲಿನಿಂದ ನಾನೇ ನನ್ನನ್ನು ನೋಡುತ್ತಿದ್ದೆ.

ಮಳೆಗೆ ಅಡ್ಡವಾಗಿ ಕಟ್ಟಿದ್ದು ಒಂದು ಹಳೇ ಫ್ಲೆಕ್ಸು. ಚಿತ್ರದ ಬದಿ ಕೆಳಗೆ ಮಾಡಿ ನಾಲ್ಕು ಗಳಕ್ಕೆ ಬಿಗಿದಿದ್ದರು. ಒಂದು ಕಡೆ ದಪ್ಪಗಿರುವ ನಾನು, ಇನ್ನೊಂದು ಕಡೆ ಸಣ್ಣಗಾದ ನಾನು, ನಡುವೆ ಒಂದು ಪುಡಿ ಡಬ್ಬಿ. ಬಿಸಿಲಿಗೆ ಡಬ್ಬಿಯ ಬಣ್ಣ ಹೋಗಿತ್ತು. ನನ್ನ ಮುಖ ಮಾತ್ರ ಹೋಗಿರಲಿಲ್ಲ.

“ಗಟ್ಟಿ ಫ್ಲೆಕ್ಸ್ ಐತವ್ವಾ, ಬಿಸಾಡಾಕ ಹೊಂಟಿದ್ರು, ನಾ ತಂದೆ,” ಎಂದು ನಾಗರತ್ನಕ್ಕ ಬಾಣಲೆಯಿಂದ ಕಣ್ಣೆತ್ತದೆ ಹೇಳಿದರು. “ನಿನ್ನ ಮಾರಿ ಐತಿ, ನೆರಳಿಗರ ಆಗ್ಲಿ ಅಂತ.”

ಅತ್ತಿಗೆ ಬೆಂಚಿನ ಮೇಲೆ ಕೂತು ಮೇಲೆಯೇ ನೋಡುತ್ತಿದ್ದಳು. ನಾನು ರಸ್ತೆ ಕಡೆ ತಿರುಗಿದೆ. ಆದರೆ ಅಷ್ಟರಲ್ಲಿ ಆ ಫ್ಲೆಕ್ಸು ಹಾಕಿದ ವರ್ಷ ಪೂರ್ತಿ ತಲೆಯೊಳಗೆ ಬಂದು ಕೂತಾಗಿತ್ತು.

ಅದು ಶುರುವಾದದ್ದು ಮಾತಂಗ ಬೆಟ್ಟದಲ್ಲಿ. ಚಿಕ್ಕಪ್ಪನ ಮಕ್ಕಳೆಲ್ಲ ಬಂದಿದ್ದರು, ಸೂರ್ಯ ಮುಳುಗುವುದನ್ನು ನೋಡಲು ಹತ್ತುತ್ತಿದ್ದೆವು. ಅರ್ಧಕ್ಕೇ ಉಸಿರು ಸಾಲದೆ ನಾನು ಕೂತುಬಿಟ್ಟೆ. ಅವರೆಲ್ಲ ಪಾಪ ಒಳ್ಳೆಯವರೇ. “ನೀ ಇಲ್ಲೇ ಕುಂದ್ರು, ನಮ್ಮ ಬ್ಯಾಗು ನೋಡ್ಕೋ,” ಅಂದು ಬ್ಯಾಗು, ನೀರಿನ ಬಾಟಲಿ, ಒಬ್ಬಳ ಹೊಸ ಚಪ್ಪಲಿ, ಎಲ್ಲ ನನ್ನ ಸುತ್ತ ಗುಡ್ಡೆ ಹಾಕಿ ಹೋದರು. ಮೇಲಿಂದ ಅವರು ಕೂಗುವುದು ಕೇಳುತ್ತಿತ್ತು. ಕೆಳಗೆ ನಾನು, ಕಾವಲು. ಬಿ.ಕಾಂ ಮುಗಿಸಿ ಮಧ್ಯಾಹ್ನ ಒಂದು ಮೊಬೈಲ್ ಅಂಗಡಿಯಲ್ಲಿ ಕೂರುತ್ತಿದ್ದ ಕಾಲ. ಕೂತು ಕೂತು ಇಷ್ಟು ದಪ್ಪಗಾಗಿದ್ದೀನಿ ಅಂತ ಗೊತ್ತಿತ್ತು, ಆದರೆ ಹೀಗೆ ಬ್ಯಾಗಿನ ಜೊತೆ ಬ್ಯಾಗಾಗಿ ಕೂರುತ್ತೇನೆ ಅಂದುಕೊಂಡಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಸಂಡೂರು ರಸ್ತೆಯ ಜಿಮ್ಮಿಗೆ ಹೋದೆ. ಬೆಳಿಗ್ಗೆ ಹುಡುಗರು ಖಾಲಿಯಾದ ಮೇಲೆ ಹೆಣ್ಣುಮಕ್ಕಳ ಹೊತ್ತು ಅಂತ ಬೋರ್ಡಿತ್ತು. ಹೆಣ್ಣುಮಕ್ಕಳು ಮಾತ್ರ ಇರಲಿಲ್ಲ. ಕೌಂಟರಿನಲ್ಲಿ ಮಾಲೀಕರ ಹೆಂಡತಿ ವಿಜಯಕ್ಕ ಸೊಪ್ಪು ಸೋಸುತ್ತ ಕೂತಿದ್ದರು. ಸಂಡೂರಿನ ಮಗಳು, ದೊಡ್ಡ ದನಿ, ದೊಡ್ಡ ನಗೆ. ಅದಿರು ಲಾರಿಗಳ ಕೆಂಪು ಧೂಳು ಇಡೀ ಜಿಮ್ಮಿನ ಮೇಲೆ ಕೂತಿತ್ತು. “ತವರುಮನಿ ನನ್ನ ಬಿಡವಲ್ದು ನೋಡು,” ಅಂದು ಆ ಧೂಳನ್ನೇ ತೋರಿಸಿ ನಕ್ಕರು.

ಮೊದಲ ದಿನವೇ ಗೋಡೆಗೆ ನಿಲ್ಲಿಸಿ ನನ್ನ ಫೋಟೋ ತೆಗೆದರು. ನಾನು ಬೇಡ ಅಂದೆ.

“ಹಿಂದಕ ತಿರುಗಿ ನೋಡಾಕ ಬೇಕಾಗ್ತದಲೇ ಸುಜಿ. ಯಾರಿಗೂ ತೋರ್ಸಲ್ಲ. ನಮ್ಮಿಬ್ಬರಿಗಷ್ಟ.”

ಕಲಿಸುವವರು ಯಾರೂ ಇರಲಿಲ್ಲ. ವಿಜಯಕ್ಕನ ಗಂಡನಿಗೆ ಹುಡುಗರ ಎದೆ, ತೋಳು ಬಿಟ್ಟು ಬೇರೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಬಂದರೆ ಸೈಕಲ್ ತೋರಿಸುತ್ತಿದ್ದರು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಹಿಂದಿಯಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಕಾಲು, ಉಳಿದದ್ದು ಕೈಸನ್ನೆ. ಬೆನ್ನು ಎಲ್ಲಿ ಬಗ್ಗಬಾರದು, ಉಸಿರು ಯಾವಾಗ ಹಿಡಿಯಬೇಕು, ಎಲ್ಲ ಒಂದೊಂದು ಸಲ ತಪ್ಪು ಮಾಡಿಯೇ ಗೊತ್ತಾಯಿತು. ಒಂದು ವಾರದಲ್ಲಿ ವಿಜಯಕ್ಕನೂ ಸೊಪ್ಪು ಪಕ್ಕಕ್ಕಿಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ನಿಂತರು.

ಹೆಗಲ ಮೇಲೆ ರಾಡು ಹೊತ್ತು ಕೂತು ಏಳುವುದು ಇದೆಯಲ್ಲ, ಸ್ಕ್ವಾಟು, ಅದರಲ್ಲಿ ಇಳಿಯುವುದೇ ಭಯ. ಎದ್ದೇಳಲು ಆಗದಿದ್ದರೆ ರಾಡು ಮೈಮೇಲೆ. ಅದಕ್ಕೇ ಹಿಂದೆ ಒಬ್ಬರು ಮೈಗೆ ಮೈ ಹತ್ತಿರವಾಗಿ ನಿಂತು, ಕಂಕುಳ ಕೆಳಗೆ ಕೈ ಇಟ್ಟುಕೊಂಡು ನಮ್ಮ ಜೊತೆಗೇ ಕೂತು ಏಳುತ್ತಾರೆ. ಅವರನ್ನು ನೋಡಲಾಗುವುದಿಲ್ಲ. ನಂಬಬೇಕು, ಅಷ್ಟೇ. ಪ್ರತಿ ಸಲವೂ ಕಿವಿಯ ಹಿಂದೆ ವಿಜಯಕ್ಕನ ದನಿ: “ನಾನದೀನಿ ಹಿಂದ. ಇಳಿ.”

ನಾನು ಇಳಿಯುತ್ತಿದ್ದೆ.

ಬೇಸಿಗೆ ಕಳೆಯುವಷ್ಟರಲ್ಲಿ ನಾಲ್ಕೈದು ಜನ ಆದೆವು. ನಾಗರತ್ನಕ್ಕ ಅಂಗಡಿ ತೆರೆಯುವ ಮೊದಲು ಬರುತ್ತಿದ್ದರು. ಬಾಳೆತೋಟದಲ್ಲಿ ಗೊನೆ ಹೊರುವ ಹುಲಿಗೆಮ್ಮ ಕೆಲಸ ಇಲ್ಲದ ದಿನ ಬರುತ್ತಿದ್ದಳು. ಅವಳಿಂದ ವಿಜಯಕ್ಕ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

“ಗೊನಿ ಹೊರೋದು ಸಾಲದಂತ ಇಲ್ಲಿಗೂ ಬಂದ್ಯೇನವ್ವಾ?” ಎಂದು ನಾಗರತ್ನಕ್ಕ ಕೆಣಕಿದರೆ, “ತ್ವಾಟದಾಗ ಫ್ಯಾನ್ ಹಾಕ್ತಾರೇನ್ರಿ?” ಅನ್ನುತ್ತಿದ್ದಳು.

ನಾನು ಎಳೆದು ತಂದವಳು ಅತ್ತಿಗೆ. ಹೆರಿಗೆಯಾಗಿ ವರ್ಷವಾಗಿತ್ತು, ಮೈ ಇಳಿದಿರಲಿಲ್ಲ. ಡಾಕ್ಟರು ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆ ಬರುತ್ತದೆ ಅಂದಿದ್ದರು. ಅವಳಮ್ಮ ಆ ಕಾಯಿಲೆಯಲ್ಲೇ ಕಾಲು ಕಳೆದುಕೊಂಡವರು, ಹಾಗಾಗಿ ಅವಳಿಗೆ ಅದು ಬರೀ ಮಾತಾಗಿರಲಿಲ್ಲ. ಕಂಡಕಂಡವರು ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಒಂದು ದಿನ ನಿಂಬೆಹಣ್ಣು, ಒಂದು ದಿನ ಉಪವಾಸ, ಒಂದು ದಿನ ಯಾವುದೋ ಕಷಾಯ. ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ.

“ಅತ್ತಿಗಿ, ಯಾವ ಪುಡಿನೂ ಬ್ಯಾಡ, ಕಷಾಯನೂ ಬ್ಯಾಡ. ರೊಟ್ಟಿ ಒಂದು ಕಮ್ಮಿ ಮಾಡು, ತತ್ತಿ, ಶೇಂಗಾ, ಮೊಸರು, ಹೆಸರುಕಾಳು ತಿನ್ನು. ಕಬ್ಬಿಣ ಎತ್ತು. ನಂಗ ಆಗೈತಿ, ನಿಂಗೂ ಆಗ್ತದ.”

“ಕಬ್ಬಿಣ ಎತ್ತಿದ್ರ ಗಂಡಸರಂಗ ಆಗ್ತೀನೇನೋ?”

“ಹುಲಿಗೆಮ್ಮ ಆಗ್ಯಾಳೇನು?”

ಹುಲಿಗೆಮ್ಮ ಅಲ್ಲೇ ಇದ್ದಳು. “ನಮ್ಮನಿಯವನ್ನ ಕೇಳ್ರಿ,” ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ತೊಂದರೆ ಕೊಟ್ಟದ್ದು ತೂಕದ ಮೆಷಿನ್ನು. ಅತ್ತಿಗೆ ದಿನಾ ಹತ್ತುತ್ತಿದ್ದಳು, ಮುಳ್ಳು ಅಲ್ಲಾಡುತ್ತಿರಲಿಲ್ಲ. ನನಗೂ ನಡುವೆ ಹಾಗೇ ಆಗಿತ್ತು. ಕೊಬ್ಬು ಕರಗಿದ ಜಾಗದಲ್ಲಿ ಮಾಂಸ ಕೂಡಿದರೆ ತೂಕ ನಿಂತಲ್ಲೇ ನಿಲ್ಲುತ್ತದೆ, ಆದರೆ ಒಳಗೆ ಮೈ ಬೇರೆಯೇ ಆಗುತ್ತಿರುತ್ತದೆ ಅಂತ ಎಷ್ಟು ಹೇಳಿದರೂ ಅವಳ ಮುಖ ಸಪ್ಪಗೆ. ಆಗ ವಿಜಯಕ್ಕ ಒಂದು ಉಪಾಯ ತೆಗೆದರು. ಮೆಷಿನ್ನನ್ನು ಕಪಾಟಿನ ಮೇಲೆ ಒಗೆದರು.

“ಎಲ್ಲರೂ ನಿಮ್ಮ ನಿಮ್ಮ ಲಂಗದ ಲಾಡಿ ನೋಡ್ರಿ. ಕಟ್ಟಿದಾಗ ಎಲ್ಲಿಗೆ ಬರ್ತದ, ಅಲ್ಲೊಂದು ಗಂಟು ಹಾಕ್ರಿ. ವಾರಕ್ಕೊಮ್ಮೆ, ಸ್ವಾಮಾರಕ್ಕ ಸ್ವಾಮಾರ ನೋಡೋಣ. ಮಷಿನ್ ಸುಳ್ಳು ಹೇಳ್ಬೌದು, ಲಾಡಿ ಹೇಳಂಗಿಲ್ಲ.”

ಎಷ್ಟು ಚೆಂದದ ಉಪಾಯ. ಯಾವ ವಿಡಿಯೋದಲ್ಲೂ ಇರಲಿಲ್ಲ. ಸೊಂಟ ಇಳಿದ ಹಾಗೆ ಲಾಡಿಯ ತುದಿ ಉದ್ದವಾಗುತ್ತಿತ್ತು, ಹೊಸ ಗಂಟು ಬೀಳುತ್ತಿತ್ತು. ಅತ್ತಿಗೆಯ ಲಾಡಿಯಲ್ಲಿ ಎರಡನೇ ಗಂಟು ಬಿದ್ದ ದಿನ ಅವಳು ಮನೆಗೆ ಬಂದು ಅಣ್ಣನಿಗೆ ಅದನ್ನೇ ತೋರಿಸಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಮಸ್ಯೆ. ಎಲ್ಲರ ರವಿಕೆಯೂ ಕೆಳಗೆ ಪಕ್ಕೆಯಲ್ಲಿ ಸಡಿಲ, ತೋಳಿನಲ್ಲಿ ಬಿಗಿ. ಟೇಲರ್ ಬೇಸತ್ತು, “ಏನ್ರೀ, ಮ್ಯಾಲೆ ಬಿಚ್ಚಿ ಕೆಳಗ ಹಿಡೀಬೇಕು, ಇದೇನ್ ಹೊಸಾ ಜಡ್ಡು?” ಅಂದನಂತೆ.

ಮಳೆ ಚೆನ್ನಾಗಿ ಬಂದ ವರ್ಷ ಅದು. ಡ್ಯಾಮು ತುಂಬಿತು, ಗೇಟು ತೆರೆದರು, ಊರಿಗೆ ಊರೇ ನೋಡಲು ಹೋಯಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಹುಲಿಗೆಮ್ಮ ಕಂಪ್ಲಿ ಕಡೆ ಭತ್ತದ ನಾಟಿಗೆ ಹೋಗಿಬಿಟ್ಟಳು. ವಾಪಸು ಬಂದಾಗ “ಬಗ್ಗಿ ಬಗ್ಗಿ ನಟ್ಟು ಬಂದ್ರೂ ಈ ಸರ್ತಿ ಸೊಂಟ ಹಿಡೀಲಿಲ್ರೀ,” ಅಂತ ಬಾಗಿಲಿನಿಂದಲೇ ಕೂಗಿದಳು. ಆ ಮಾತಿಗೆ ನನಗೆ ಆದ ಖುಷಿ ಪದವಿ ಸಿಕ್ಕಾಗಲೂ ಆಗಿರಲಿಲ್ಲ.

ಶ್ರಾವಣದಲ್ಲಿ ಮತ್ತೆ ಮಾತಂಗ ಬೆಟ್ಟಕ್ಕೆ ಹೋದೆವು. ಈ ಸಲ ಅಣ್ಣನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಮೊದಲು ಹತ್ತಿದೆ. ನಡುವೆ ಒಂದೇ ಸಲ ನಿಂತೆ, ಅದೂ ಕೂಸು ನನ್ನ ಕೂದಲು ಬಿಡಲಿಲ್ಲ ಅಂತ. ಮೇಲಿಂದ ಹೊಳೆ, ಬಾಳೆತೋಟ, ಬಂಡೆಗಳು, ಒದ್ದೆ ಹಸಿರು. ಹಿಂದಿನಿಂದ ಏದುಸಿರು ಬಿಡುತ್ತ ಅತ್ತಿಗೆಯೂ ಬಂದಳು. ಬಂದವಳೇ ನನ್ನ ತೋಳು ಹಿಡಿದು ನೋಡಿದಳು, ತರಕಾರಿ ಹಿಚುಕಿ ನೋಡುವ ಹಾಗೆ.

“ಕಲ್ಲಾಗೈತಲೇ,” ಅಂದಳು. ಆಮೇಲೆ ಮೆಲ್ಲಗೆ, “ನಂದೂ ಹಿಂಗ ಆಗ್ತದೇನು?”

ಅವಳು ನನ್ನನ್ನು ನಂಬಿದ್ದಳು. ನನಗೆ ಆ ವರ್ಷ ಬೇಕಾಗಿದ್ದದ್ದು ಅದೊಂದೇ.

ದಸರೆಗೆ ಮುಂಚೆ ವಿಜಯಕ್ಕ ಮತ್ತೆ ನನ್ನನ್ನು ಅದೇ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು. ಈ ಸಲ ನಾನೇ ತೋಳು ಮಡಚಿ ನಿಂತೆ. ಆ ವಾರ ಯಾರೋ ಒಬ್ಬರು ಬ್ಯಾಗು ಹಿಡಿದು ಜಿಮ್ಮಿಗೆ ಬಂದು ಹೋಗುತ್ತಿದ್ದರು. ಕಂಪನಿಯವರು ಅಂದರು ವಿಜಯಕ್ಕ, ನಾನು ಮೆಷಿನ್ ರಿಪೇರಿಯವರು ಅಂದುಕೊಂಡೆ. ಮೂಲೆಯಲ್ಲಿ ಏನೋ ಒಂದು ಸಿಹಿ ವಾಸನೆ, ಬೇಕರಿಯ ಕೇಕಿನ ಹಾಗೆ. ಕಬ್ಬಿಣ, ರಬ್ಬರು, ಬೆವರಿನ ವಾಸನೆಗೆ ಹೊಂದದ ವಾಸನೆ. ಅದನ್ನೂ ಕೇಳಲಿಲ್ಲ.

“ಆಯುಧ ಪೂಜಿಗೆ ಆರತಿ ನೀನೇ ಮಾಡ್ಬೇಕು,” ಅಂದರು ವಿಜಯಕ್ಕ. “ನಮ್ಮ ಜಿಮ್ಮಿನ ಮನಿಮಗಳು ನೀನು.”

ನಮ್ಮದು ಬುದ್ಧನ ಫೋಟೋ ಇರುವ ಮನೆ. ಆಯುಧ ಪೂಜೆ ನಮ್ಮಲ್ಲಿಲ್ಲ, ಅದು ವಿಜಯಕ್ಕನಿಗೂ ಗೊತ್ತಿತ್ತು. ಆ ಊರಿನಲ್ಲಿ ನಮ್ಮ ಓಣಿಯವರನ್ನು ಕರೆದು ಆರತಿ ತಟ್ಟೆ ಕೈಗೆ ಕೊಡುವವರು ಎಷ್ಟು ಜನ ಅನ್ನುವುದು ನನಗೆ ಗೊತ್ತಿತ್ತು. ಅವ್ವನನ್ನು ಕೇಳಿದೆ. ಅವ್ವ ಗೋಡೆಯ ಬುದ್ಧನ ಕಡೆ ನೋಡಿ, “ಅಷ್ಟು ಪ್ರೀತಿಲಿಂದ ಕರದಾಳ, ಹೋಗು,” ಅಂದಳು.

ಹಿಂದಿನ ದಿನ ಎಲ್ಲರೂ ಸೇರಿ ಕಬ್ಬಿಣ ತೊಳೆದೆವು. ಪ್ಲೇಟುಗಳ ಸಂದಿಯಿಂದ ಕೆಂಪು ನೀರು ಹರಿಯಿತು. ಪೂಜೆಯ ಬೆಳಿಗ್ಗೆ ಡಂಬೆಲ್ಸು, ರಾಡು, ಸೈಕಲ್ಲು ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಾವು ಎತ್ತುತ್ತಿದ್ದ ರಾಡನ್ನು ಹಸಿರು ಬಟ್ಟೆಯ ಮೇಲೆ ಮಲಗಿಸಿದ್ದರು. ಅದರ ಹಿಂದೆ ಏನೋ ಎತ್ತರವಾಗಿ ಪೇರಿಸಿ ಕೆಂಪು ಬಟ್ಟೆ ಮುಚ್ಚಿದ್ದರು. ದೇವರ ಫೋಟೋ ಇರಬೇಕು ಅಂದುಕೊಂಡೆ. ನಮ್ಮ ಬ್ಯಾಚಿನವರೆಲ್ಲ ಮನೆಮಂದಿಯನ್ನು ಕರೆದುಕೊಂಡು ಬಂದಿದ್ದರು. ಅತ್ತಿಗೆ ಕೂಸನ್ನು ಎತ್ತಿಕೊಂಡು ಮುಂದೆಯೇ ನಿಂತಿದ್ದಳು. ಹೊಸ ಸೀರೆ, ಗಂಟುಗಳ ಲಾಡಿ ಬಿಗಿದ ಹೊಸ ಸೊಂಟ.

ಆರತಿ ತಟ್ಟೆ ಹಿಡಿದೆ. ವಿಜಯಕ್ಕ ಕೆಂಪು ಬಟ್ಟೆ ಎಳೆದರು. ಡಬ್ಬಿಗಳು. ಗೋಪುರದ ಹಾಗೆ ಪೇರಿಸಿದ ಪುಡಿ ಡಬ್ಬಿಗಳು, ಒಂದೊಂದಕ್ಕೂ ಕುಂಕುಮ. ಅದೇ ಹೊತ್ತಿಗೆ ಹೊರಗೆ ಹುಡುಗರು ಎದುರು ಗೋಡೆಯ ಮೇಲೆ ಸುತ್ತಿಟ್ಟಿದ್ದ ಫ್ಲೆಕ್ಸು ಬಿಚ್ಚಿ ಇಳಿಬಿಟ್ಟರು, ಚಪ್ಪಾಳೆ ಬಿತ್ತು. ಬಾಗಿಲಿನಿಂದ ಅರ್ಧ ಕಾಣುತ್ತಿತ್ತು. ಅತ್ತಿಗೆ ತಿರುಗಿ ಗಟ್ಟಿಯಾಗಿ ಓದಿದಳು, ಶಾಲೆಯಲ್ಲಿ ಓದುವ ಹಾಗೆ ಒಂದೊಂದೇ ಪದ.

“ವ್ಯಾಯಾಮ ಬೇಡ. ಪಥ್ಯ ಬೇಡ. ದಿನಕ್ಕೊಂದು ಲೋಟ. ನೋಡಿ, ನಮ್ಮ ಸುಜಾತಾ.”

ಆಮೇಲೆ ನನ್ನ ಕಡೆ ನೋಡಿದಳು.

ಪೂಜೆಯ ನಡುವೆ ಕೂಗಾಡುವ ಹಾಗಿಲ್ಲ. ಗಂಟೆ ಬಡಿಯುತ್ತಿದೆ, ಕರ್ಪೂರ ಉರಿಯುತ್ತಿದೆ, ತಟ್ಟೆ ನನ್ನ ಕೈಯಲ್ಲಿ. ನನ್ನದೇ ಕೈಯಿಂದ ಆ ಡಬ್ಬಿಗಳಿಗೆ ಆರತಿ ಎತ್ತಿದೆ. ಮುಗಿದ ಮೇಲೆ ಒಬ್ಬೊಬ್ಬರೂ ಬಂದು ರಾಡು ಮುಟ್ಟಿ ಕಣ್ಣಿಗೊತ್ತಿಕೊಂಡರು, ಹಾಗೆಯೇ ಡಬ್ಬಿಯನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಪೂಜೆಯಾದ ವಸ್ತು ಅಂದ ಮೇಲೆ ಅದರ ಮೇಲೆ ಅನುಮಾನ ಯಾರು ಪಡುತ್ತಾರೆ? ಹುಲಿಗೆಮ್ಮನೂ ಒಂದು ಡಬ್ಬಿ ಒಯ್ದಳು.

ಹೊರಗೆ ಬಂದು ಫ್ಲೆಕ್ಸಿನ ಮುಂದೆ ನಿಂತಾಗ ಇನ್ನೊಂದು ಕಂಡಿತು. ಸಣ್ಣಗಾದ ನನ್ನ ಚಿತ್ರದಲ್ಲಿ ತೋಳು ನನ್ನದಿರಲಿಲ್ಲ. ಎರಡೂ ಕಡೆಯಿಂದ ಕೆತ್ತಿ ಕಡ್ಡಿ ಮಾಡಿದ್ದರು. ಹೆಗಲನ್ನು ಇಳಿಬಿಟ್ಟಿದ್ದರು. ಮುಖವನ್ನು ಬೆಳ್ಳಗೆ ಮಾಡಿದ್ದರು. ದಪ್ಪಗಿನ ಚಿತ್ರವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬಿಟ್ಟಿದ್ದರು.

ಅತ್ತಿಗೆ ಮನೆಯೊಳಗೆ ಬಂದ ಮೇಲೆ ಕೇಳಿದಳು. “ನೀ ಕುಡಿದಿದ್ರ ಕುಡಿದೆ ಅನ್ನಬೇಕಿತ್ತು. ನಾನೂ ಕುಡೀತಿದ್ದೆ. ನಂಗ ಶೇಂಗಾ ತಿನ್ನಿಸಿ ಮುಚ್ಚಿಟ್ಟಿ ಯಾಕ?”

“ನಾ ಮುಟ್ಟೇ ಇಲ್ಲ ಅತ್ತಿಗಿ.”

“ಮತ್ತ ಆರತಿ ಎತ್ತಿದ್ಯಲ್ಲ?”

ಅಣ್ಣ ಕೂಸನ್ನು ಎತ್ತಿಕೊಂಡು ಹೊರಗೆ ಹೋದ. ಅವ್ವ ಮಾತ್ರ “ಆಕಿ ಸುಳ್ಳು ಹೇಳಂಗಿಲ್ಲ” ಅಂದಳು, ಆದರೆ ಅವ್ವನ ಮಾತು ಅವ್ವನ ಮಾತಾಯಿತು. ಊರಿನ ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರ ಇರುವಾಗ ಅದನ್ನು ಯಾರು ನಂಬುತ್ತಾರೆ?

ಮರುದಿನ ಜಿಮ್ಮಿಗೆ ಹೋದೆ. ವಿಜಯಕ್ಕ ಬಾಡಿದ ಚೆಂಡುಹೂವು ಗುಡಿಸುತ್ತಿದ್ದರು. ಗಟ್ಟಿಯಾದ ತೋಳು ಕಾಣದ ಹಾಗೆ ಮೊಣಕೈ ದಾಟುವ ಉದ್ದ ತೋಳಿನ ರವಿಕೆ ಹಾಕಿದ್ದರು, ಆ ಸೆಕೆಯಲ್ಲಿ.

“ಅಕ್ಕ, ನಾ ಪುಡಿ ಮುಟ್ಟಿಲ್ಲಂತ ನಿಮಗ ಗೊತ್ತೈತಿ.”

“ಗೊತ್ತೈತಿ.”

“ಮತ್ತ?”

“ಕಂಪನಿಯವರು ಕೇಳಿದ್ರು. ನಿನ್ನಷ್ಟು ಇಳಿದಾಕಿ ಇಲ್ಲಿ ಇನ್ಯಾರದಾರ? ನಮ್ಮ ಮನಿಯವರೂ ಹಟ ಹಿಡಿದ್ರು. ಜಿಮ್ ನಡೀಬೇಕಲ್ಲಲೇ. ನಿನ್ನ ಹೆಸರು ಕೆಡಿಸಿಲ್ಲ, ಊರಾಗ ನಿನ್ನ ಹೆಸರಾತು.”

“ನಮ್ಮಿಬ್ಬರಿಗಷ್ಟ ಅಂದಿದ್ರಿ.”

ಕಸಬರಿಗೆ ಸ್ವಲ್ಪ ನಿಂತಿತು, ಮತ್ತೆ ಶುರುವಾಯಿತು.

“ತೋಳು ಯಾಕ ಕೆತ್ತಿಸಿದ್ರಿ?”

“ಅದು ಫ್ಲೆಕ್ಸ್ ಅಂಗಡಿಯವನು ಮಾಡಿದ್ದು. ಹೆಣ್ಣುಮಕ್ಕಳ ತೋಳು ಹಂಗಿದ್ರ ನೋಡಿದವರಿಗೆ ಅಂಜಿಕಿ ಬರ್ತದ, ಯಾರು ತಗೋತಾರ ಅಂತ ಕಂಪನಿಯವರು ಅಂದ್ರು.”

“ನಿಮಗೂ ಅಂಜಿಕಿ ಬಂತೇನಕ್ಕ?”

ವಿಜಯಕ್ಕ ಹೂವಿನ ಜೊತೆ ಕೆಂಪು ಧೂಳನ್ನೂ ಗುಡಿಸುತ್ತ ಬಾಗಿಲಿನ ಕಡೆ ಹೋದರು. ಅವರು ಬೈದಿದ್ದರೆ, ಸುಳ್ಳು ಹೇಳಿದ್ದರೆ, ನನಗೆ ಸುಲಭವಾಗುತ್ತಿತ್ತು. ಎಲ್ಲ ಗೊತ್ತಿದ್ದೇ ಮಾಡಿ, ಹೌದು ಅಂದವರ ಮೇಲೆ ಸಿಟ್ಟು ಮಾಡುವುದಕ್ಕೂ ಒಂದು ಹಿಡಿ ಸಿಗುವುದಿಲ್ಲ. ಹೊರಗೆ ಬಂದೆ. ಮತ್ತೆ ಒಳಗೆ ಹೋಗಿಲ್ಲ.

ನಮ್ಮ ಬ್ಯಾಚು ದೀಪಾವಳಿಯವರೆಗೂ ಉಳಿಯಲಿಲ್ಲ. ಲೋಟದಲ್ಲಿ ಆಗುವ ಕೆಲಸಕ್ಕೆ ಬೆವರು ಯಾಕೆ ಅಂತ ಒಬ್ಬೊಬ್ಬರೇ ಬಿಟ್ಟರು. ಅತ್ತಿಗೆ ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿ ತಂದಿಟ್ಟಳು. ಬೆಳಿಗ್ಗೆ ಅವಳು ಕಲಸುವಾಗ ಆ ಕೇಕಿನ ವಾಸನೆ ಮನೆಯಿಡೀ ಹರಡುತ್ತಿತ್ತು. ಒಂದು ದಿನ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದಾಗ ಅವಳ ಲಂಗ ತಂತಿಯ ಮೇಲಿತ್ತು. ಲಾಡಿ ನೇರವಾಗಿ ಇಳಿಬಿದ್ದಿತ್ತು. ಒಂದೂ ಗಂಟಿರಲಿಲ್ಲ. ಬಿಚ್ಚಿದ ಕಡೆ ದಾರ ಸುಕ್ಕಾಗಿ ಉಳಿದಿತ್ತು ಅಷ್ಟೇ. ಫ್ಲೆಕ್ಸು ನೋಡಿ ನಾನು ಅತ್ತಿರಲಿಲ್ಲ. ಅವತ್ತು ಅತ್ತೆ.

ಅದೇ ಮಾಳಿಗೆಯ ಮೇಲೆ ನಾನೀಗ ಒಬ್ಬಳೇ ವ್ಯಾಯಾಮ ಮಾಡುತ್ತೇನೆ. ಒಂದು ಹಾರೆ, ಎರಡು ನೀರಿನ ಕ್ಯಾನು, ಮರಳು ತುಂಬಿದ ಚೀಲ. ಎದ್ದೇಳಲು ಆಗದಿದ್ದರೆ ಹಾರೆಯನ್ನು ಹೆಗಲಿಂದ ಹಿಂದಕ್ಕೆ ಬೀಳಿಸಿ ಹೊರಗೆ ಬರುವುದನ್ನು ಕಲಿತಿದ್ದೇನೆ. ಹಿಂದೆ ಯಾರೂ ಬೇಕಿಲ್ಲ.

ನಾಗರತ್ನಕ್ಕ ಮಿರ್ಚಿ, ಮಂಡಕ್ಕಿ ತಂದಿಟ್ಟರು. ಮಳೆ ಜೋರಾಗಿತ್ತು. ಅತ್ತಿಗೆ ಇನ್ನೂ ಮೇಲೆಯೇ ನೋಡುತ್ತಿದ್ದಳು. ಅವಳ ಪುಡಿಯ ಕಾಲ ಎಂದೋ ಮುಗಿದಿತ್ತು. ಇಳಿದದ್ದೆಲ್ಲ ಮತ್ತೆ ಬಂದಿತ್ತು. ಈಗ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಒಂದು ಮಾತ್ರೆ. ಆ ಮಾತ್ರೆಯನ್ನು ನನ್ನ ಮುಂದೆ ನುಂಗುವುದಿಲ್ಲ, ನಾನೂ ನೋಡದವಳಂತೆ ಇರುತ್ತೇನೆ.

“ಸುಜಿ,” ಅಂದಳು. “ಇದು ನಿನ್ನ ತೋಳಲ್ಲ.”

ನಾನು ತಿನ್ನುವುದನ್ನು ನಿಲ್ಲಿಸಿದೆ.

“ಬೆಟ್ಟದಾಗ ಹಿಡಿದು ನೋಡಿದ್ದೆನಲ್ಲ. ಹಿಂಗಿರಲಿಲ್ಲ ಅದು.”

“ನೀ ಅದನ್ನ ಓದಿದ ದಿನಾನೂ ಹಿಂಗಿರಲಿಲ್ಲ ಅತ್ತಿಗಿ.”

ಅವಳು ತಲೆ ತಗ್ಗಿಸಿದಳು. ನಾನು ಇನ್ನೇನಾದರೂ ಮೆತ್ತಗೆ ಹೇಳಬಹುದಿತ್ತು.

ಅಷ್ಟರಲ್ಲಿ ನಾಗರತ್ನಕ್ಕ ಕೂಗಿದರು. ಫ್ಲೆಕ್ಸಿನ ನಡುವೆ ನೀರು ನಿಂತು ಹೊಟ್ಟೆಯ ಹಾಗೆ ಕೆಳಗೆ ಜೋತಿತ್ತು, ಗಳ ಬಾಗುತ್ತಿತ್ತು, ನೇರ ಕೆಳಗೆ ಕಾದ ಎಣ್ಣೆ. “ಕೋಲು ಎಲ್ಲಿ ಇಟ್ಟೆನೋ ಯವ್ವಾ,” ಅಂತ ಅವರು ಹುಡುಕುತ್ತಿದ್ದರು. ನಾನು ಬೆಂಚು ಎಳೆದು ಅದರ ಮೇಲೆ ನಿಂತೆ. ಎರಡೂ ಅಂಗೈ ಅದರ ಕೆಳಗಿಟ್ಟೆ. ತಣ್ಣಗೆ, ಭಾರವಾಗಿ ನನ್ನ ಮುಖವೇ ಅಂಗೈಯಲ್ಲಿ ಬಂದು ಕೂತಿತು. ಉಸಿರು ಹಿಡಿದು, ಕಾಲು ಗಟ್ಟಿ ಮಾಡಿ, ಮೊಣಕೈ ನೇರವಾಗುವವರೆಗೆ ಮೇಲಕ್ಕೆ ಒತ್ತಿದೆ. ನೀರೆಲ್ಲ ಅಂಚಿಗೆ ಸರಿದು ರಸ್ತೆಯ ಕಡೆ ದಬದಬನೆ ಸುರಿಯಿತು.

ಕೈ ಇಳಿಸುವ ಮುಂಚೆ ಒಂದು ಸಲ ಹಿಂದೆ ನೋಡಿದೆ. ಯಾರಾದರೂ ನಿಂತಿದ್ದಾರಾ ಅಂತ. ಆ ಚಾಳಿ ಇನ್ನೂ ಹೋಗಿಲ್ಲ.